ಬೇಡವೆಂದರೂ ಬಿಡದ ಪದವಿ: ಸ್ಟಾನ್ಸ್‌ಗೇಟ್ ಮನೆತನ ಮತ್ತು ಬ್ರಿಟನ್ನಿನ ಮೇಲ್ಮನೆ

2024ರ ಸೆಪ್ಟೆಂಬರ್ 5ರಂದು ಬ್ರಿಟನ್ನಿನ ಲೇಬರ್ ಸರ್ಕಾರ ಸಂಸತ್ತಿನಲ್ಲಿ ಕೆಲವೇ ಪುಟಗಳ ಒಂದು ಮಸೂದೆಯನ್ನು ಮಂಡಿಸಿತು. ತಂದೆಯಿಂದ ಮಗನಿಗೆ ಇಳಿದುಬಂದ ಪದವಿಯೊಂದನ್ನೇ ಆಧಾರವಾಗಿಟ್ಟುಕೊಂಡು ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಇನ್ನು ಮುಂದೆ ಯಾರೂ ಕೂರುವಂತಿಲ್ಲ ಎಂಬುದೇ ಅದರ ತಿರುಳು. ಮಸೂದೆಯನ್ನು ತಂದ ಸಂಪುಟದಲ್ಲಿ ಉತ್ತರ ಐರ್ಲೆಂಡ್ ವ್ಯವಹಾರಗಳ ಸಚಿವರಾಗಿದ್ದವರು ಹಿಲರಿ ಬೆನ್. ಅದರಿಂದ ಸ್ಥಾನ ಕಳೆದುಕೊಳ್ಳಬೇಕಾದವರ ಸಾಲಿನಲ್ಲಿ ಇದ್ದವರೊಬ್ಬರು ಅವರ ಒಡಹುಟ್ಟಿದ ಅಣ್ಣ ಸ್ಟೀಫನ್ ಬೆನ್, ಅಂದರೆ ಮೂರನೆಯ ವೈಕೌಂಟ್ ಸ್ಟಾನ್ಸ್‌ಗೇಟ್. ಇಬ್ಬರೂ ಒಂದೇ ಪಕ್ಷದವರು. ಇಬ್ಬರ ತಂದೆಯಾದ ಟೋನಿ ಬೆನ್ ಇದೇ ಪದವಿಯನ್ನು ಕಳಚಿಕೊಳ್ಳುವುದಕ್ಕಾಗಿ 1960ರಿಂದ 1963ರವರೆಗೆ ನಡೆಸಿದ ಹೋರಾಟವೇ ಬ್ರಿಟನ್ನಿನ ಸಂವಿಧಾನದ ಇತಿಹಾಸದಲ್ಲಿ ಒಂದು ಅಧ್ಯಾಯವಾಗಿದೆ.

ವಂಶಪಾರಂಪರ್ಯ ಸ್ಥಾನಗಳ ಚರ್ಚೆ ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಸಾಗುತ್ತದೆ. ಒಂದು ಪಾಳಯದವರು ಈ ಲಾರ್ಡ್‌ಗಳು ಆಸ್ತಿವಂತ ಸೋಮಾರಿಗಳೆಂದು ದೂರುತ್ತಾರೆ. ಇನ್ನೊಂದು ಪಾಳಯದವರು ಅವರಲ್ಲಿ ಎಷ್ಟೋ ಮಂದಿ ಶ್ರದ್ಧೆಯಿಂದ ದುಡಿಯುತ್ತಾರೆಂದು ಉತ್ತರಿಸುತ್ತಾರೆ. ಬೆನ್ ಕುಟುಂಬದ ಬದುಕನ್ನು ಹತ್ತಿರದಿಂದ ನೋಡಿದವರಿಗೆ ಈ ವಾದವಿವಾದವೇ ದಾರಿ ತಪ್ಪಿದೆ ಎನ್ನಿಸದೆ ಇರದು. ಈ ಮನೆತನದಲ್ಲಿ ಸೋಮಾರಿಗಳು ಕಾಣುವುದಿಲ್ಲ. ಸ್ಥಾನಕ್ಕೆ ಬಂದವರು ಅರ್ಹರೇ, ಅನರ್ಹರೇ ಎಂಬುದು ಇಲ್ಲಿ ಮುಖ್ಯವೇ ಅಲ್ಲ. ಪದವಿ ಕೊಡುವಾಗಲಾಗಲಿ, ಹೇರುವಾಗಲಾಗಲಿ, ಕಿತ್ತುಕೊಳ್ಳುವಾಗಲಾಗಲಿ ಆ ವ್ಯಕ್ತಿಯನ್ನೂ ಕೇಳದೆ, ಅವರನ್ನು ಆರಿಸಿದ ಮತದಾರರನ್ನೂ ಕೇಳದೆ, ಹುಟ್ಟನ್ನು ಮಾತ್ರ ಕೇಳುವ ಕಾನೂನೇ ಇಲ್ಲಿಯ ನಿಜವಾದ ಪ್ರಶ್ನೆ.

ಮನೆತನದ ಮೂಲ ಪುರಾತನವಾದದ್ದೇನಲ್ಲ. ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ದರ್ಜೆಗಳಲ್ಲಿ ವೈಕೌಂಟ್ ನಾಲ್ಕನೆಯದು. ಈ ಕುಟುಂಬಕ್ಕೆ ಅದು ದೊರೆತದ್ದು 1942ರಲ್ಲಿ. ಅದಕ್ಕೂ ಮೊದಲು ಜಾನ್ ವಿಲಿಯಮ್ಸ್ ಬೆನ್ ಪೀಠೋಪಕರಣ ತಯಾರಕರಿಗಾಗಿ ಪತ್ರಿಕೆಯೊಂದನ್ನು ಆರಂಭಿಸಿ ಪ್ರಕಾಶನ ಸಂಸ್ಥೆ ಕಟ್ಟಿದ್ದರು, ಲಂಡನ್ ಕೌಂಟಿ ಕೌನ್ಸಿಲ್‌ನಲ್ಲಿ ದುಡಿದಿದ್ದರು, ಲಿಬರಲ್ ಪಕ್ಷದಿಂದ ಸಂಸತ್ತಿಗೆ ಆಯ್ಕೆಯಾಗಿದ್ದರು. ಅವರ ಮಗ ವಿಲಿಯಂ ವೆಜ್‌ವುಡ್ ಬೆನ್ 1906ರಲ್ಲಿ ಜನರಿಂದ ಆಯ್ಕೆಯಾಗುವ ಕೆಳಮನೆಯಾದ ಕಾಮನ್ಸ್ ಸಭೆಗೆ ಗೆದ್ದುಬಂದಾಗ ಅವರಿಗೆ 28 ವರ್ಷ. ಮೊದಲ ಮಹಾಯುದ್ಧದಲ್ಲಿ ಅವರು ವಾಯುಪಡೆಯಲ್ಲಿ ಹೋರಾಡಿ ಪದಕಗಳನ್ನು ಪಡೆದರು. 1927ರಲ್ಲಿ ಲಿಬರಲ್ ಪಕ್ಷ ತೊರೆದು ಲೇಬರ್ ಸೇರಿದಾಗ, ಒಂದು ಪಕ್ಷದ ಹೆಸರಿನಲ್ಲಿ ಗೆದ್ದ ಸ್ಥಾನವನ್ನು ಇನ್ನೊಂದು ಪಕ್ಷಕ್ಕೆ ಒಯ್ಯುವುದು ಸರಿಯಲ್ಲವೆಂದು ರಾಜೀನಾಮೆ ಕೊಟ್ಟು, ಮರುವರ್ಷ ಉತ್ತರ ಆಬರ್ಡೀನ್ ಕ್ಷೇತ್ರದ ಉಪಚುನಾವಣೆಯಲ್ಲಿ ಹೊಸದಾಗಿ ಜನರ ಮುಂದೆ ನಿಂತು ಗೆದ್ದರು. ಪಕ್ಷಾಂತರವನ್ನು ದಿನನಿತ್ಯ ಕಾಣುವ ನಮಗೆ ಈ ನಡೆ ವಿಶೇಷವಾಗಿ ಕಾಣಬೇಕು. ಸ್ಥಾನ ಮತದಾರರದ್ದು, ನನ್ನದಲ್ಲ ಎಂಬ ಈ ನಂಬಿಕೆ ಮುಂದೆ ಮಗನಲ್ಲಿಯೂ ಹಾಗೆಯೇ ಉಳಿಯಿತು.

ಭಾರತದ ಇತಿಹಾಸ ಓದಿದವರಿಗೆ ವಿಲಿಯಂ ಬೆನ್ ಅಪರಿಚಿತರಲ್ಲ. 1929ರಿಂದ 1931ರವರೆಗೆ ರ್‍ಯಾಮ್ಸೆ ಮ್ಯಾಕ್‌ಡೊನಾಲ್ಡ್ ಅವರ ಸಂಪುಟದಲ್ಲಿ ಭಾರತ ವ್ಯವಹಾರಗಳ ಸಚಿವರಾಗಿದ್ದವರು ಅವರೇ. ಭಾರತದ ರಾಜಕೀಯ ಪ್ರಗತಿಯ ಸಹಜ ಗುರಿ ಡೊಮಿನಿಯನ್ ಸ್ಥಾನಮಾನ ಎಂದು ವೈಸರಾಯ್ ಇರ್ವಿನ್ 1929ರ ಅಕ್ಟೋಬರ್ 31ರಂದು ಪ್ರಕಟಿಸಿದ್ದು ಅವರ ಅವಧಿಯಲ್ಲಿ. 1930ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲ ದುಂಡುಮೇಜಿನ ಪರಿಷತ್ತು ಸೇರಿದ್ದೂ, ಮೈಸೂರಿನ ದಿವಾನರಾದ ಮಿರ್ಜಾ ಇಸ್ಮಾಯಿಲ್ ಅದರಲ್ಲಿ ಭಾಗವಹಿಸಿದ್ದೂ, 1931ರ ಮಾರ್ಚಿನಲ್ಲಿ ಗಾಂಧಿ–ಇರ್ವಿನ್ ಒಪ್ಪಂದವಾದದ್ದೂ ಆಗಲೇ. ಅದೇ ವರ್ಷ ಲಂಡನ್ನಿಗೆ ಬಂದ ಗಾಂಧೀಜಿಯನ್ನು ಆರು ವರ್ಷದ ಹುಡುಗನಾಗಿ ಕಂಡದ್ದನ್ನು ಟೋನಿ ಬೆನ್ ಮುಂದೆ ಅಭಿಮಾನದಿಂದ ನೆನೆಯುತ್ತಿದ್ದರು.

ಇಂಥ ಕುಟುಂಬಕ್ಕೆ ವಂಶಪಾರಂಪರ್ಯ ಪದವಿ ಬಂದದ್ದಾದರೂ ಹೇಗೆ? ಎರಡನೆಯ ಮಹಾಯುದ್ಧದ ನಡುವೆ ಚರ್ಚಿಲ್ಲರ ಸಮ್ಮಿಶ್ರ ಸರ್ಕಾರದಲ್ಲಿ ಲೇಬರ್ ಪಕ್ಷ ಪಾಲುದಾರನಾಗಿತ್ತು. ಆದರೆ ಲಾರ್ಡ್ಸ್ ಸಭೆಯಲ್ಲಿ ಅದರ ಬಲ ತೀರ ಕಡಿಮೆಯಿತ್ತು. ಈ ಕೊರತೆ ನೀಗಿಸಲು ಕೆಲವು ಲೇಬರ್ ನಾಯಕರನ್ನು ಮೇಲ್ಮನೆಗೆ ಕಳಿಸಬೇಕಾಯಿತು. ಇವು ಗೌರವಾರ್ಥವಾಗಿ ಕೊಟ್ಟ ಬಿರುದುಗಳಲ್ಲ, ಸಭೆಯಲ್ಲಿ ಪಕ್ಷದ ಬಲ ಹೆಚ್ಚಿಸಲು ಕೈಗೊಂಡ ವಿಶೇಷ ಕ್ರಮ ಎಂದು ಸರ್ಕಾರದ ಪ್ರಕಟಣೆಯೇ ಹೇಳಿತ್ತು. ಆದರೆ ಆ ಕಾಲದಲ್ಲಿ ನ್ಯಾಯಾಧೀಶರನ್ನು ಬಿಟ್ಟರೆ ಬೇರೆ ಯಾರಿಗೂ ಒಬ್ಬರ ಜೀವಿತಾವಧಿಗಷ್ಟೇ ಸೀಮಿತವಾದ ಸ್ಥಾನ ಕೊಡುವ ದಾರಿ ಇರಲಿಲ್ಲ. ಅಂಥ ಕಾನೂನು ಬಂದದ್ದು 1958ರಲ್ಲಿ. ಹೀಗಾಗಿ ಒಬ್ಬ ಮನುಷ್ಯನ ಸೇವೆ ಬೇಕಾಗಿದ್ದ ಸರ್ಕಾರ, ಆತನ ಮುಂದಿನ ಎಲ್ಲ ಗಂಡು ಸಂತತಿಗೂ ಅನ್ವಯಿಸುವ ಸನ್ನದು ಬರೆದುಕೊಟ್ಟಿತು. ಎಸೆಕ್ಸ್‌ನ ಬ್ಲ್ಯಾಕ್‌ವಾಟರ್ ಅಳಿವೆಯ ದಡದಲ್ಲಿ ಕುಟುಂಬದ ಮನೆಯಿದ್ದ ಸ್ಟಾನ್ಸ್‌ಗೇಟ್ ಎಂಬ ಊರಿನ ಹೆಸರೇ ಪದವಿಯ ಹೆಸರಾಯಿತು.

ಇಂಥ ಪದವಿ ಹೊತ್ತವರು ಆಗ ಕಾಮನ್ಸ್ ಸಭೆಯಲ್ಲಿ ಕೂರುವಂತಿರಲಿಲ್ಲ. ಆದರೂ ಸನ್ನದು ಒಪ್ಪಿಕೊಳ್ಳುವಾಗ ಮನೆಯಲ್ಲಿ ಆತಂಕವಿರಲಿಲ್ಲ. ಹಿರಿಯ ಮಗ ಮೈಕೆಲ್ ಪಾದ್ರಿಯಾಗಬೇಕೆಂದಿದ್ದವರು. ಕಾಮನ್ಸ್ ಸಭೆಯ ಮೇಲೆ ಅವರಿಗೆ ಆಸೆಯಿರಲಿಲ್ಲವಾದ್ದರಿಂದ ಪದವಿ ತಮಗೆ ಬಂದರೆ ತೊಂದರೆಯಿಲ್ಲವೆಂದರು. ಆದರೆ ವಾಯುಪಡೆಯ ಪೈಲಟ್ ಆಗಿದ್ದ ಮೈಕೆಲ್ 1944ರ ಜೂನಿನಲ್ಲಿ, 22ನೆಯ ವಯಸ್ಸಿನಲ್ಲಿ ತೀರಿಕೊಂಡರು. ಪ್ರೀತಿಯ ಅಣ್ಣನನ್ನು ಕಳೆದುಕೊಂಡ ಎರಡನೆಯ ಮಗ ಟೋನಿಯ ತಲೆಗೆ, ಕೇಳದೆಯೇ, ಆ ಪದವಿಯ ಉತ್ತರಾಧಿಕಾರವೂ ಬಂದು ಕೂತಿತು. ವಂಶಪಾರಂಪರ್ಯವನ್ನು ಗೌರವದ ಕೊಡುಗೆಯೆಂದು ಬಣ್ಣಿಸುವವರು ಈ ಸಾವನ್ನು ಒಮ್ಮೆ ನೆನಪಿಸಿಕೊಳ್ಳಬೇಕೆಂದು ನನಗನ್ನಿಸುತ್ತದೆ.

ಟೋನಿ ಬೆನ್ 1950ರ ನವೆಂಬರಿನಲ್ಲಿ ಬ್ರಿಸ್ಟಲ್ ಆಗ್ನೇಯ ಕ್ಷೇತ್ರದಿಂದ ಗೆದ್ದಾಗ ಅವರಿಗೆ 25 ವರ್ಷ. ಭಾರತಕ್ಕೆ 1942ರಲ್ಲಿ ನಿಯೋಗ ತಂದಿದ್ದ ಸ್ಟ್ಯಾಫರ್ಡ್ ಕ್ರಿಪ್ಸ್ ತೆರವು ಮಾಡಿದ ಕ್ಷೇತ್ರ ಅದು. ಅಂದಿನಿಂದಲೇ ಅವರ ಮುಂದೆ ಒಂದು ಗಡಿಯಾರ ಓಡುತ್ತಿತ್ತು: ತಂದೆ ಬದುಕಿರುವಷ್ಟು ದಿನ ಮಾತ್ರ ಮಗ ಜನಪ್ರತಿನಿಧಿ. 1955ರಲ್ಲಿ ಪದವಿ ತ್ಯಜಿಸಲು ಅವಕಾಶ ಕೋರುವ ಮಸೂದೆಯೊಂದನ್ನು ತರುವ ಪ್ರಯತ್ನ ನಡೆಯಿತು. ಲಾರ್ಡ್ಸ್ ಸಭೆ ಒಪ್ಪಲಿಲ್ಲ. ತಂದೆಯೇ ಮಗನ ಪರವಾಗಿ ನಿಂತಿದ್ದರು, ಎದುರು ಪಕ್ಷದ ಚರ್ಚಿಲ್ಲರೂ ಸಹಾನುಭೂತಿ ತೋರಿದ್ದರು. 1960ರ ನವೆಂಬರ್ 17ರಂದು ವಿಲಿಯಂ ಬೆನ್ ಕೊನೆಯುಸಿರೆಳೆದರು, ಮತ್ತು ಆ ಗಳಿಗೆಯಿಂದ ಕಾನೂನಿನ ಕಣ್ಣಿನಲ್ಲಿ ಬ್ರಿಸ್ಟಲ್‌ನ ಸಂಸದ ಸಂಸದನಾಗಿ ಉಳಿಯಲಿಲ್ಲ. ಕಾಮನ್ಸ್‌ನ ಹಕ್ಕುಬಾಧ್ಯತಾ ಸಮಿತಿ ಹಳೆಯ ಕಾನೂನನ್ನೇ ಎತ್ತಿಹಿಡಿಯಿತು. ಪದವಿಯು ರಕ್ತಕ್ಕೆ ಅಂಟಿದ ಆಸ್ತಿ, ಅದನ್ನು ಮಾರಲೂ ಆಗದು, ದಾನ ಕೊಡಲೂ ಆಗದು, ಎಸೆಯಲೂ ಆಗದು ಎಂಬುದು ಶತಮಾನಗಳ ನಿಲುವು.

ತೆರವಾದ ಕ್ಷೇತ್ರಕ್ಕೆ 1961ರ ಮೇ 4ರಂದು ಉಪಚುನಾವಣೆ ನಡೆದಾಗ ಬೆನ್ ಮತ್ತೆ ಸ್ಪರ್ಧಿಸಿದರು. ಅವರು ಅನರ್ಹರೆಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ 23,275 ಮಂದಿ ಅವರಿಗೆ ಮತ ಹಾಕಿದರು. ಕನ್ಸರ್ವೇಟಿವ್ ಅಭ್ಯರ್ಥಿ ಮಾಲ್ಕಮ್ ಸೇಂಟ್ ಕ್ಲೇರ್ ಅವರಿಗೆ ಬಿದ್ದದ್ದು 10,231. ನಾಲ್ಕು ದಿನಗಳ ನಂತರ ಬೆನ್ ವೆಸ್ಟ್‌ಮಿನ್‌ಸ್ಟರ್‌ಗೆ ಬಂದು ಸಭಾಂಗಣದ ಬಾಗಿಲವರೆಗೆ ನಡೆದರು. ಹತ್ತು ವರ್ಷ ಪ್ರತಿದಿನ ಹಾದುಹೋದ ಬಾಗಿಲದು. ಸಭಾಧ್ಯಕ್ಷರ ಆಜ್ಞೆಯಂತೆ ದ್ವಾರಪಾಲಕರು ಅವರನ್ನು ಅಲ್ಲಿಯೇ ತಡೆದರು, ಮುಂದೆ ಹೆಜ್ಜೆಯಿಟ್ಟರೆ ಬಲಪ್ರಯೋಗ ಮಾಡಬೇಕಾದೀತೆಂದು ತಿಳಿಸಿದರು. ಒಂದು ಕಡೆ ಇಪ್ಪತ್ಮೂರು ಸಾವಿರ ಮತಗಳು, ಇನ್ನೊಂದು ಕಡೆ ತಂದೆಯ ಮರಣ. ಅಂದು ಆ ಬಾಗಿಲಲ್ಲಿ ಎರಡನೆಯದಕ್ಕೇ ತೂಕ ಹೆಚ್ಚಿತ್ತು.

ಪ್ರಕರಣ ಚುನಾವಣಾ ನ್ಯಾಯಾಲಯಕ್ಕೆ ಹೋಯಿತು. ಬೆನ್ ವಕೀಲರನ್ನಿಟ್ಟುಕೊಳ್ಳದೆ, ಮಧ್ಯಯುಗದ ಪೂರ್ವನಿದರ್ಶನಗಳನ್ನೆಲ್ಲ ಓದಿಕೊಂಡು ತಾವೇ ವಾದಿಸಿದರು. ಅಭ್ಯರ್ಥಿಯ ಅನರ್ಹತೆ ಜಾಹೀರಾಗಿದ್ದೂ ಹಾಕಿದ ಮತಗಳು ವ್ಯರ್ಥವೆಂದು ತೀರ್ಮಾನಿಸಿದ ಇಬ್ಬರು ನ್ಯಾಯಮೂರ್ತಿಗಳು, 13,044 ಮತಗಳಿಂದ ಸೋತ ಸೇಂಟ್ ಕ್ಲೇರ್ ಅವರನ್ನೇ ಸಂಸದರೆಂದು ಘೋಷಿಸಿದರು. ಆ ಸೇಂಟ್ ಕ್ಲೇರ್ ಕೂಡ ತಮ್ಮ ಬಂಧುವೊಬ್ಬರ ಲಾರ್ಡ್ ಪದವಿಗೆ ವಾರಸುದಾರರಾಗಿದ್ದರು. ನ್ಯಾಯಮೂರ್ತಿಗಳು ಕಾನೂನನ್ನು ತಪ್ಪಾಗಿ ಓದಿದರೆಂದು ನಾನು ಹೇಳಲಾರೆ. ಅವರು ಸರಿಯಾಗಿಯೇ ಓದಿದರು, ಮತ್ತು ಹಾಗೆ ಸರಿಯಾಗಿ ಓದಿದ್ದರಿಂದಲೇ ಆ ಕಾನೂನು ಎಂಥದೆಂಬುದು ದೇಶಕ್ಕೆಲ್ಲ ಕಂಡಿತು.

ಆಡಳಿತದಲ್ಲಿದ್ದ ಕನ್ಸರ್ವೇಟಿವ್ ಪಕ್ಷಕ್ಕೂ ಇದು ಮುಜುಗರದ ಸಂಗತಿಯಾಯಿತು. ಉಭಯ ಸದನಗಳ ಜಂಟಿ ಸಮಿತಿ ಕೂತು, ಕೊನೆಗೆ ಲಾರ್ಡ್ ಪದವಿ ತ್ಯಜಿಸಲು ಅವಕಾಶ ಕೊಡುವ 1963ರ ಪಿಯರೇಜ್ ಕಾಯಿದೆ ಬಂತು. ಜುಲೈ 31ರ ಸಂಜೆ ಆರರ ಸುಮಾರಿಗೆ ಅದಕ್ಕೆ ರಾಣಿಯ ಅಂಕಿತ ದೊರೆಯಿತು. 6 ಗಂಟೆ 22 ನಿಮಿಷಕ್ಕೆ ಬೆನ್ ತ್ಯಾಗಪತ್ರ ಸಲ್ಲಿಸಿ, ಹಾಗೆ ಪದವಿ ಬಿಟ್ಟವರಲ್ಲಿ ಮೊದಲಿಗರಾದರು. ಸೇಂಟ್ ಕ್ಲೇರ್ ತಾವು ಕೊಟ್ಟಿದ್ದ ಮಾತಿನಂತೆ ಸ್ಥಾನ ತೆರವು ಮಾಡಿದರು; ಆಗಸ್ಟ್ 20ರ ಉಪಚುನಾವಣೆಯಲ್ಲಿ ಬೆನ್ ಮರಳಿ ಗೆದ್ದರು. ಕಾಯಿದೆಯ ಮೊದಲ ದೊಡ್ಡ ಲಾಭ ಎದುರು ಪಕ್ಷಕ್ಕೇ ಆಯಿತು ಎಂಬುದನ್ನು ಇಲ್ಲಿ ಹೇಳಬೇಕು. ಅದೇ ಅಕ್ಟೋಬರಿನಲ್ಲಿ ಪ್ರಧಾನಿಯಾದ ಹದಿನಾಲ್ಕನೆಯ ಅರ್ಲ್ ಆಫ್ ಹೋಮ್, ಪದವಿ ತ್ಯಜಿಸಿ ಅಲೆಕ್ ಡಗ್ಲಸ್-ಹೋಮ್ ಆಗಿ ಕಾಮನ್ಸ್‌ಗೆ ಬರಲು ಸಾಧ್ಯವಾದದ್ದು ಬೆನ್ ತೆರೆಸಿದ ಬಾಗಿಲಿನಿಂದ. ಅದೇ ಕಾಯಿದೆ ಸ್ವಂತ ಹಕ್ಕಿನಿಂದ ವಂಶಪಾರಂಪರ್ಯ ಪದವಿ ಪಡೆದ ಮಹಿಳೆಯರಿಗೂ ಮೇಲ್ಮನೆಯಲ್ಲಿ ಕೂರುವ ಅವಕಾಶ ಕೊಟ್ಟಿತು.

ಆದರೆ ಆ ತ್ಯಾಗದ ಸ್ವರೂಪವನ್ನು ಸರಿಯಾಗಿ ತಿಳಿಯಬೇಕು, ಏಕೆಂದರೆ ಮಗನ ಕಥೆ ನಿಂತಿರುವುದು ಅದರ ಮೇಲೆ. 1963ರ ಕಾಯಿದೆ ಪದವಿಯನ್ನು ಅಳಿಸಲಿಲ್ಲ. ಬಿಟ್ಟವರ ಜೀವಮಾನದವರೆಗೆ ಮಾತ್ರ ಅದನ್ನು ಮಲಗಿಸಿತು. ತಂದೆ ತನಗಾಗಿ ಬಿಡಬಹುದು, ಮಗನಿಗಾಗಿ ಬಿಡುವಂತಿಲ್ಲ. ಟೋನಿ ಬೆನ್ ಆಮೇಲೆ ಪೋಸ್ಟ್‌ಮಾಸ್ಟರ್ ಜನರಲ್ ಆಗಿ, ತಂತ್ರಜ್ಞಾನ, ಕೈಗಾರಿಕೆ ಮತ್ತು ಇಂಧನ ಖಾತೆಗಳ ಸಚಿವರಾಗಿ ದುಡಿದರು. ಪಕ್ಷದ ಎಡಪಂಥದ ದೊಡ್ಡ ದನಿಯಾದರು. 1991ರಲ್ಲಿ ರಾಜಪ್ರಭುತ್ವವನ್ನೂ ಲಾರ್ಡ್ಸ್ ಸಭೆಯನ್ನೂ ರದ್ದುಪಡಿಸುವ ಖಾಸಗಿ ಮಸೂದೆಯನ್ನೇ ಮಂಡಿಸಿದರು. 2001ರಲ್ಲಿ ಸಂಸತ್ತಿನಿಂದ ನಿವೃತ್ತರಾದರು. ಅವರು ಪರಂಪರೆಯ ಬಗ್ಗೆ ಒರಟಾಗಿದ್ದವರೇನಲ್ಲ. 1948ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪರಿಚಯವಾದ ಒಂಬತ್ತು ದಿನಗಳಿಗೆ ಅಮೆರಿಕದ ಕ್ಯಾರೊಲಿನ್ ಡಿಕ್ಯಾಂಪ್ ಅವರನ್ನು ಉದ್ಯಾನದ ಬೆಂಚೊಂದರ ಮೇಲೆ ಕೂತು ಮದುವೆಯಾಗುವಂತೆ ಕೇಳಿದ್ದರು. ಮುಂದೆ ಆ ಬೆಂಚನ್ನೇ ನಗರಸಭೆಯಿಂದ ಕೊಂಡು ತಂದು ಲಂಡನ್ನಿನ ತಮ್ಮ ಮನೆಯ ಅಂಗಳದಲ್ಲಿ ಇಟ್ಟುಕೊಂಡರು. ಹಿಂದಿನದನ್ನು ಜತನ ಮಾಡುವುದಕ್ಕೂ ಹಿಂದಿನವರ ಹೆಸರಿನಲ್ಲಿ ಅಧಿಕಾರ ಚಲಾಯಿಸುವುದಕ್ಕೂ ಇರುವ ಅಂತರವನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು.

2014ರ ಮಾರ್ಚ್ 14ರಂದು ಅವರು ತೀರಿಕೊಂಡಾಗ, 1963ರಿಂದ ಮಲಗಿದ್ದ ಪದವಿ ಎದ್ದು ಹಿರಿಯ ಮಗ ಸ್ಟೀಫನ್ ಅವರ ಹೆಗಲೇರಿತು. 1951ರಲ್ಲಿ ಹುಟ್ಟಿದ ಸ್ಟೀಫನ್ ಲಂಡನ್ನಿನ ಶಿಕ್ಷಣ ಪ್ರಾಧಿಕಾರದ ಚುನಾಯಿತ ಸದಸ್ಯರಾಗಿದ್ದವರು. ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿ ಮತ್ತು ಜೀವವಿಜ್ಞಾನಿಗಳ ಸಂಘದಲ್ಲಿ ಸಂಸದೀಯ ವ್ಯವಹಾರ ನೋಡಿಕೊಳ್ಳುತ್ತ, ವಿಜ್ಞಾನಿಗಳಿಗೂ ಶಾಸಕರಿಗೂ ನಡುವೆ ವರ್ಷಗಟ್ಟಲೆ ಸೇತುವೆಯಾಗಿ ದುಡಿದವರು. ಅವರು ಪದವಿಯನ್ನು ಬಿಡಲಿಲ್ಲ. ಇದನ್ನು ತಂದೆಗೆ ಬಗೆದ ದ್ರೋಹ ಎನ್ನುವವರಿದ್ದಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಟೋನಿ ಬೆನ್ ಎದುರಿಸಿದ ಗೋಡೆ ಅಷ್ಟರಲ್ಲಿ ಬಿದ್ದುಹೋಗಿತ್ತು: 1999ರ ಕಾಯಿದೆಯ ನಂತರ, ಲಾರ್ಡ್ಸ್‌ನಲ್ಲಿ ಕೂರದ ವಂಶಪಾರಂಪರ್ಯ ಲಾರ್ಡ್‌ಗಳು ಮತ ಹಾಕಬಹುದು, ಕಾಮನ್ಸ್‌ಗೂ ಸ್ಪರ್ಧಿಸಬಹುದು. ತಂದೆಯ ಆಕ್ಷೇಪ ಇದ್ದದ್ದು ತನ್ನ ಮತದಾರರಿಂದ ತನ್ನನ್ನು ಬೇರ್ಪಡಿಸಿದ ಕಾನೂನಿನ ಮೇಲೆ. ಮಗನಿಗೆ ಆ ತೊಡಕು ಇರಲಿಲ್ಲ.

ಆ 1999ರ ಕಾಯಿದೆಯೇ ಈ ಗೊಂದಲದ ಮೂಲ. ಟೋನಿ ಬ್ಲೇರ್ ಸರ್ಕಾರ ಎಲ್ಲ ವಂಶಪಾರಂಪರ್ಯ ಸದಸ್ಯರನ್ನೂ ಹೊರಗಿಡಲು ಹೊರಟಿತ್ತು. ಆಗ ಅಂಥವರ ಸಂಖ್ಯೆ 750ಕ್ಕೂ ಹೆಚ್ಚು. ಮೇಲ್ಮನೆಯ ಕನ್ಸರ್ವೇಟಿವ್ ಮುಖಂಡರೊಂದಿಗೆ ನಡೆದ ರಾಜಿಯಿಂದ 92 ಮಂದಿಯನ್ನು ತಾತ್ಕಾಲಿಕವಾಗಿ ಉಳಿಸಿಕೊಳ್ಳಲಾಯಿತು: ಪಕ್ಷವಾರು ಆಯ್ಕೆಯಾದ 75 ಮಂದಿ, ಇಡೀ ಸದನ ಆರಿಸಿದ 15 ಮಂದಿ, ಮತ್ತು ರಾಜಕಾರ್ಯದ ಎರಡು ಹುದ್ದೆಗಳಲ್ಲಿರುವವರು. ಮುಂದಿನ ಸುಧಾರಣೆ ಬರುವವರೆಗೆ ಮಾತ್ರ ಎಂದು ಮಾಡಿದ ಏರ್ಪಾಡು ಕಾಲು ಶತಮಾನ ನಡೆಯಿತು. ಅದಕ್ಕಿಂತ ಹೆಚ್ಚಾಗಿ, ತೆರವಾದ ಸ್ಥಾನ ತುಂಬಲು ಉಪಚುನಾವಣೆಯೆಂಬ ಪದ್ಧತಿ ಬೆಳೆಯಿತು. ಪಕ್ಷಕ್ಕೆ ಮೀಸಲಾದ ಸ್ಥಾನಗಳಲ್ಲಿ ಮತದಾರರು ಆ ಪಕ್ಷದ ವಂಶಪಾರಂಪರ್ಯ ಸದಸ್ಯರು ಮಾತ್ರವಾಗಿದ್ದರು. 2016ರಲ್ಲಿ ಲಿಬರಲ್ ಡೆಮಾಕ್ರಟ್ ಪಕ್ಷದ ಒಂದು ಸ್ಥಾನಕ್ಕೆ ಏಳು ಅಭ್ಯರ್ಥಿಗಳಿದ್ದರು, ಮತದಾರರಿದ್ದದ್ದು ಮೂವರು. ಮೂರೂ ಮತ ಪಡೆದು ಗೆದ್ದ ವೈಕೌಂಟ್ ಥರ್ಸೊ 1999ರಲ್ಲಿ ಹೊರಬಿದ್ದು, ಆಮೇಲೆ 2001ರಿಂದ 2015ರವರೆಗೆ ಕಾಮನ್ಸ್‌ನಲ್ಲಿ ಜನರಿಂದಲೇ ಆಯ್ಕೆಯಾಗಿ ದುಡಿದಿದ್ದವರು. ಲೇಬರ್ ಪಾಲಿನ ಸ್ಥಾನವೊಂದು ತೆರವಾದಾಗ, 2021ರ ಜುಲೈನಲ್ಲಿ ಸ್ಟೀಫನ್ ಬೆನ್ ಅವಿರೋಧವಾಗಿ ಆಯ್ಕೆಯಾದರು. ಸಭೆಯಲ್ಲಿ ಅವರು ಎತ್ತಿಕೊಂಡದ್ದು ಬಹುಮಟ್ಟಿಗೆ ವಿಜ್ಞಾನದ ವಿಷಯಗಳನ್ನು.

ಇಂಥವರನ್ನು ಹೊರಗೆ ಕಳಿಸುವುದರಿಂದ ಸದನಕ್ಕೆ ನಷ್ಟವಲ್ಲವೇ ಎಂಬ ಪ್ರಶ್ನೆ ಹುರುಳಿಲ್ಲದ್ದಲ್ಲ. ಮಸೂದೆಯನ್ನು ವಿರೋಧಿಸಿದವರು ಇದನ್ನೇ ಒತ್ತಿ ಹೇಳಿದರು: ಉಪಚುನಾವಣೆ ನಿಲ್ಲಲಿ, ಈಗಿರುವವರು ತಮ್ಮ ಕಾಲ ಮುಗಿಯುವವರೆಗೆ ಇರಲಿ ಎಂಬ ತಿದ್ದುಪಡಿಯನ್ನು ಲಾರ್ಡ್ಸ್ ಸಭೆ ಸೇರಿಸಿತು, ಕಾಮನ್ಸ್ ತಳ್ಳಿಹಾಕಿತು. ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. ವಂಶಪಾರಂಪರ್ಯದವರು ಹೋದ ಮೇಲೆ ಸದನದಲ್ಲಿ ಉಳಿಯುವವರು, ಬಿಷಪ್‌ಗಳನ್ನು ಬಿಟ್ಟರೆ, ಬಹುಪಾಲು ಪ್ರಧಾನಮಂತ್ರಿಗಳ ಶಿಫಾರಸಿನಿಂದ ಬಂದವರು. ಅವರ ಸಂಖ್ಯೆಗೆ ಮಿತಿಯಿಲ್ಲ, ಅವರನ್ನೂ ಜನ ಆರಿಸಿಲ್ಲ. ಅಧಿಕಾರದಲ್ಲಿರುವ ಯಾರಿಗೇ ಆದರೂ ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಟೋನಿ ಬೆನ್ ಸಾರ್ವಜನಿಕ ಸಭೆಗಳಲ್ಲಿ ಮತ್ತೆ ಮತ್ತೆ ಹೇಳುತ್ತಿದ್ದರು: ಅಧಿಕಾರ ನಿಮಗೆ ಎಲ್ಲಿಂದ ಬಂತು, ಯಾರ ಹಿತಕ್ಕಾಗಿ ಬಳಸುತ್ತೀರಿ, ಯಾರಿಗೆ ಉತ್ತರ ಕೊಡುತ್ತೀರಿ, ನಿಮ್ಮನ್ನು ಇಳಿಸುವುದು ಹೇಗೆ. ಕೊನೆಯ ಪ್ರಶ್ನೆಗೆ ವಂಶಪಾರಂಪರ್ಯ ಸದಸ್ಯರ ಬಳಿಯೂ ಉತ್ತರವಿಲ್ಲ, ನೇಮಕಗೊಂಡವರ ಬಳಿಯೂ ಇಲ್ಲ. ಈ ದೃಷ್ಟಿಯಿಂದ ಮಸೂದೆ ಅರ್ಧ ಕೆಲಸ ಮಾತ್ರ. ಆದರೆ ಉಳಿದರ್ಧ ಆಗಿಲ್ಲವೆಂಬ ಕಾರಣಕ್ಕೆ ಈ ಅರ್ಧವನ್ನೂ ನಿಲ್ಲಿಸಬೇಕೆಂಬ ವಾದವೇ 1999ರ ತಾತ್ಕಾಲಿಕ ಏರ್ಪಾಡನ್ನು ಇಷ್ಟು ವರ್ಷ ಉಳಿಸಿದ್ದು. ಸ್ಟೀಫನ್ ಬೆನ್ ಅವರಂಥವರ ಅನುಭವ ಸದನಕ್ಕೆ ಬೇಕೆಂದಾದರೆ ಅವರನ್ನು ಅವರ ಕೆಲಸದ ಆಧಾರದ ಮೇಲೆ ಜೀವಿತಾವಧಿಯ ಸದಸ್ಯರನ್ನಾಗಿ ನೇಮಿಸಲು 1958ರ ಕಾಯಿದೆಯೇ ಇದೆ. 1942ರ ಸನ್ನದು ಅದಕ್ಕೆ ಬೇಕಿಲ್ಲ.

ಸನ್ನದಿನ ಪದಗಳು ಮನುಷ್ಯರ ಬದುಕಿನೊಳಗೆ ಎಷ್ಟು ಆಳಕ್ಕೆ ಕೈಹಾಕುತ್ತವೆಂಬುದಕ್ಕೆ ಭಾರತೀಯ ಕುಟುಂಬವೊಂದರ ಉದಾಹರಣೆಯೂ ಇದೆ. ಬಂಗಾಳದ ಬೀರಭೂಮ್ ಜಿಲ್ಲೆಯ ರಾಯ್‌ಪುರದ ಸತ್ಯೇಂದ್ರ ಪ್ರಸನ್ನ ಸಿನ್ಹಾ 1915ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದವರು. 1919ರಲ್ಲಿ ಬ್ಯಾರನ್ ಪದವಿ ಪಡೆದು ಲಾರ್ಡ್ಸ್ ಸಭೆಯಲ್ಲಿ ಕೂತ ಮೊದಲ ಭಾರತೀಯರು. 1928ರಲ್ಲಿ ಅವರು ತೀರಿಕೊಂಡಾಗ ಮಗ ಅರುಣ್ ಕುಮಾರ್ ಸಿನ್ಹಾ ಅವರಿಗೆ ಸ್ಥಾನ ಸಲೀಸಾಗಿ ಸಿಗಲಿಲ್ಲ. ಬಹುಪತ್ನಿತ್ವಕ್ಕೆ ಅವಕಾಶವಿದ್ದ ಹಿಂದೂ ಪದ್ಧತಿಯಲ್ಲಿ ನಡೆದ ಮದುವೆಯ ಮಗ ಇಂಗ್ಲಿಷ್ ಕಾನೂನಿನ ಪ್ರಕಾರ ವಾರಸುದಾರನಾಗಬಲ್ಲನೇ ಎಂಬ ಪ್ರಶ್ನೆ ಎದ್ದಿತ್ತು. ತಂದೆತಾಯಿ ಬ್ರಾಹ್ಮ ಸಮಾಜ ಸೇರಿದ್ದರಿಂದ ಆ ಮದುವೆ ಏಕಪತ್ನಿತ್ವಕ್ಕೆ ಬದ್ಧವಾಗಿತ್ತೆಂದು ಒಪ್ಪಿ, ಲಾರ್ಡ್ಸ್‌ನ ಸಮಿತಿ ಹಕ್ಕನ್ನು ಮನ್ನಿಸಿದ್ದು 1939ರಲ್ಲಿ. ಒಬ್ಬರು ಶಾಸನಸಭೆಯಲ್ಲಿ ಕೂರಬೇಕಾದರೆ ತಾಯಿಯ ಮದುವೆ ಯಾವ ಬಗೆಯದೆಂದು ಸಮಿತಿ ವಿಚಾರಿಸಬೇಕಾಗಿ ಬಂದದ್ದು ಹುಟ್ಟನ್ನೇ ಅರ್ಹತೆಯಾಗಿಸಿದ ವ್ಯವಸ್ಥೆಯ ಸಹಜ ಫಲ. 2024ರ ಮಸೂದೆ ಇಂಥ ತಕರಾರುಗಳನ್ನು ತೀರ್ಮಾನಿಸುವ ಅಧಿಕಾರವನ್ನೂ ಲಾರ್ಡ್ಸ್ ಸಭೆಯಿಂದ ತೆಗೆದುಹಾಕುವ ಕಲಮನ್ನು ಒಳಗೊಂಡಿತ್ತು.

ಹೆಣ್ಣುಮಕ್ಕಳ ವಿಚಾರದಲ್ಲಿ ಮಾತ್ರ ಮಸೂದೆ ಏನನ್ನೂ ಮುಟ್ಟಲಿಲ್ಲ. ಬಹುಪಾಲು ಪದವಿಗಳು ಗಂಡುಸಂತತಿಗೆ ಮಾತ್ರ ಇಳಿಯುತ್ತವೆ. 2020ರಲ್ಲಿ ಕೌಂಟೆಸ್ ಆಫ್ ಮಾರ್ ನಿವೃತ್ತರಾದ ಮೇಲೆ ವಂಶಪಾರಂಪರ್ಯ ಸದಸ್ಯರಲ್ಲಿ ಒಬ್ಬ ಮಹಿಳೆಯೂ ಉಳಿಯಲಿಲ್ಲ. ಮತದ ಹಕ್ಕಿಗಾಗಿ ಹೋರಾಡಿದ ಎಮಿಲಿ ವೈಲ್ಡಿಂಗ್ ಡೇವಿಸನ್ 1911ರ ಜನಗಣತಿಯ ರಾತ್ರಿ, ತನ್ನ ವಾಸಸ್ಥಳ ಸಂಸತ್ ಭವನವೆಂದು ದಾಖಲಾಗಲೆಂದು, ಅಲ್ಲಿಯ ನೆಲಮಾಳಿಗೆಯ ಪ್ರಾರ್ಥನಾಮಂದಿರದ ಪಕ್ಕದ ಪೊರಕೆ ಕೋಣೆಯಲ್ಲಿ ಅಡಗಿ ಕೂತಿದ್ದರು. ಎಂಬತ್ತು ವರ್ಷಗಳ ನಂತರ ಆ ಪುಟ್ಟ ಕೋಣೆಯ ಬಾಗಿಲ ಹಿಂಬದಿಗೆ ನೆನಪಿನ ಫಲಕವನ್ನು ತಮ್ಮ ಕೈಯಾರೆ ತಿರುಪು ಹಾಕಿ ಕೂರಿಸಿದವರು ಟೋನಿ ಬೆನ್. ಅವರ ಮೊಮ್ಮಗಳು, ಸ್ಟೀಫನ್ ಅವರ ಮಗಳು ಎಮಿಲಿ ಬೆನ್, 2010ರ ಮಹಾಚುನಾವಣೆಯಲ್ಲಿ ತಮ್ಮ 20ನೆಯ ವಯಸ್ಸಿನಲ್ಲಿ ಲೇಬರ್ ಅಭ್ಯರ್ಥಿಯಾಗಿ ಸ್ಪರ್ಧಿಸಿ, ಮನೆಮನೆಗೆ ಹೋಗಿ ಮತ ಕೇಳಿ ಸೋತರು. ಮೇಲ್ಮನೆಯ ಸ್ಥಾನ ಹೋದರೂ ವೈಕೌಂಟ್ ಎಂಬ ಹೆಸರು ಮುಂದುವರಿಯುತ್ತದೆ, ಮತ್ತು 1942ರ ಸನ್ನದಿನ ಪ್ರಕಾರ ಅದು ಹೋಗುವುದು ಎಮಿಲಿ ಅವರಿಗಲ್ಲ, ಅವರ ತಮ್ಮನಿಗೆ.